ಇಡ್ಲಿ ಬಟ್ಟೆ ಉಟ್ಟ ಮಮ್ಮಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಸೋದರಮಾವನ ಹೊಟೇಲಿನ ಇಡ್ಲಿ ಬಟ್ಟೆಗಳನ್ನು ಕದ್ದವನು ನಾನೇ. ಒಂದಲ್ಲ ಎರಡಲ್ಲ, ಹದಿನಾಲ್ಕು. ಅದಕ್ಕಿಂತ ದೊಡ್ಡ ದಡ್ಡತನ ಇನ್ನೊಂದಿದೆ. ಆ ಕಳ್ಳತನದ ಅನುಮಾನ ಬೇರೆಯವರ ತಲೆಯ ಮೇಲೆ ಕೂತಾಗ, ಗಲ್ಲಾದಲ್ಲಿ ಕೂತಿದ್ದ ನಾನು ಮಾವನ ಕೆಮ್ಮು, ಅಡುಗೆ ಭಟ್ಟರ ಗೊಣಗಾಟ, ದಾದರ್ ಸ್ಟೇಷನ್ನಿನ ಅನೌನ್ಸ್‌ಮೆಂಟು ಎಲ್ಲವನ್ನೂ ಅನುಕರಿಸಿ ಗಿರಾಕಿಗಳನ್ನು ನಗಿಸುತ್ತಿದ್ದೆ. ಹೇಳಬೇಕಾಗಿದ್ದ ಒಂದು ಮಾತನ್ನು ಮಾತ್ರ ಹೇಳಲಿಲ್ಲ.

ಶುರುವಾದದ್ದು ಒಂದು ಸಿನೆಮಾದಿಂದ. ಮದುವೆ ವಿಡಿಯೊ ತೆಗೆಯುತ್ತಿದ್ದವನೊಬ್ಬ ನಿರ್ದೇಶಕನಾಗಿದ್ದ. ಸಾವಿರಾರು ವರ್ಷ ಮಲಗಿದ್ದ ಈಜಿಪ್ಟಿನ ಮಮ್ಮಿಯೊಂದು ಎದ್ದು ಕೂತು, ತನ್ನ ಗೋರಿ ಒಡೆದ ಬಿಲ್ಡರನ ವಂಶವನ್ನೇ ಮುಗಿಸುವ ಹಿಂದಿ ಕತೆ ಅವನದು. ಈಜಿಪ್ಟ್ ಇದ್ದದ್ದು ಮುಲುಂಡಿನಲ್ಲಿ: ಅರ್ಧಕ್ಕೆ ನಿಂತ ಬಿಲ್ಡಿಂಗಿನ ನೆಲಮಾಳಿಗೆ, ಅಲ್ಲೇ ಬಿದ್ದಿದ್ದ ಮರಳಿನ ರಾಶಿ, ಥರ್ಮೊಕೋಲಿನ ಪಿರಮಿಡ್ಡು. ನಾನು ಅವನೆದುರು ಆರು ದನಿಯಲ್ಲಿ ಡೈಲಾಗು ಹೊಡೆದೆ, ಮುಖದಲ್ಲಿ ನವರಸ ಹಿಂಡಿದೆ. ಪೂರ್ತಿ ನೋಡಿದ ಅವನು, "ಬಢಿಯಾ! ತೂ ಮಮ್ಮಿ ಬನೇಗಾ" ಎಂದ. ಮುಖ ಕಾಣುವುದಿಲ್ಲ, ಮಾತಿಲ್ಲ, ಬರೀ ಗುರುಗುಟ್ಟಬೇಕು. ಮಿಮಿಕ್ರಿಯವನ ಪ್ರತಿಭೆಯನ್ನು ಇಷ್ಟು ಬೇಗ ಅಳೆದವರು ಇನ್ನೊಬ್ಬರಿಲ್ಲ.

ಮನೆಗೆ ಬಂದು "ಮಮ್ಮಿ ಪಾರ್ಟು ಸಿಕ್ಕಿತು" ಅಂದರೆ ಅತ್ತೆ, "ಸ್ತ್ರೀವೇಷವಾ? ನನ್ನ ಸೀರೆ ಕೇಳ್ಲಿಕ್ಕೆ ಬರ್ಬೇಡ ಮತ್ತೆ" ಅಂದರು. ಬಟ್ಟೆಯ ವಿಷಯದಲ್ಲಿ ನನ್ನ ಮೇಲೆ ಮೊದಲು ಅನುಮಾನಪಟ್ಟವರು ಅವರೇ.

ಮೊದಲ ದಿನ ಮೆಡಿಕಲ್ ಸ್ಟೋರಿನ ಬ್ಯಾಂಡೇಜು ಸುತ್ತಿದರು. ಸೇಡಿನ ಹೆಣದ ಹಾಗೆ ಕಾಣುವ ಬದಲು ಬೈಕಿನಿಂದ ಬಿದ್ದವನ ಹಾಗೆ ಕಂಡೆ. "ಪುರಾನಾ ಚಾಹಿಯೇ, ಪುರಾನಾ!" ಎಂದು ನಿರ್ದೇಶಕ ಹಣೆ ಚಚ್ಚಿಕೊಂಡ. ಹಳೆಯ ಬಟ್ಟೆ ಅಂದೊಡನೆ ನನಗೆ ಮಾಟುಂಗದ ನಮ್ಮ ಹೊಟೇಲಿನ ಟೆರೇಸು ಕಣ್ಣಿಗೆ ಬಂತು.

ನಮ್ಮಲ್ಲಿ ಇಂದಿಗೂ ಇಡ್ಲಿ ಬೇಯುವುದು ಬಟ್ಟೆಯ ಮೇಲೆ. ತಟ್ಟೆಗೆ ಒದ್ದೆ ಬಟ್ಟೆ ಹಾಸಿ ಹಿಟ್ಟು ಹೊಯ್ದರೆ ಇಡ್ಲಿ ಅಂಟದೆ ಏಳುತ್ತದೆ. ಎಷ್ಟು ಒಗೆದರೂ ಆ ಬಟ್ಟೆಯಲ್ಲಿ ದುಂಡು ದುಂಡು ಕಲೆ ಉಳಿಯುತ್ತದೆ, ಜೊತೆಗೊಂದು ಹುಳಿ ವಾಸನೆ. ಅವನ್ನು ಒಗೆದು ಒಣಹಾಕುತ್ತಿದ್ದವರು ವಿಜಯಪುರ ಕಡೆಯ ಒಬ್ಬ ಅಕ್ಕ. ಪಕ್ಕದ ಮೆಸ್ಸಿನ ಬಟ್ಟೆಗಳ ಜೊತೆ ಬೆರೆಯದಿರಲೆಂದು ನಮ್ಮ ಪ್ರತಿ ಬಟ್ಟೆಯ ಅಂಚಿಗೂ ಅವರು ಕೆಂಪು ದಾರದ ಹೊಲಿಗೆ ಹಾಕುತ್ತಿದ್ದರು. ಈಗ ಆ ಹೊಲಿಗೆಯ ಕೆಲಸ ನನ್ನದು. ಯಾಕೆಂದು ತಾನಾಗಿ ತಿಳಿಯುತ್ತದೆ.

ಟೆರೇಸಿಗೆ ಎರಡು ಚಾವಿ. ಒಂದು ಅಕ್ಕನ ಸೊಂಟದಲ್ಲಿ. ಇನ್ನೊಂದು ಗಲ್ಲಾದ ಡ್ರಾವರಿನ ತಳದಲ್ಲಿ, ಎಲ್ಲರಿಗೂ ಮರೆತುಹೋಗಿದ್ದದ್ದು. ಸೋಮವಾರ ಹೊಟೇಲಿಗೆ ರಜೆ, ಅಂದೇ ಶೂಟಿಂಗು. ಭಾನುವಾರ ಸಂಜೆ ನಾಲ್ಕು ಬಟ್ಟೆ ಬ್ಯಾಗಿಗೆ ತುರುಕಿದೆ. ಮರುದಿನ ಲೋಕಲಿನಲ್ಲಿ ಪಕ್ಕದವನು ಮೂಗು ಅರಳಿಸಿ ನನ್ನ ಬ್ಯಾಗನ್ನೇ ದಿಟ್ಟಿಸುತ್ತಿದ್ದ; ಘಾಟ್ಕೋಪರ್ ಬಂದಾಗ ಎದ್ದು ಬಾಗಿಲ ಹತ್ತಿರ ಹೋಗಿ ನಿಂತ. ನಿರ್ದೇಶಕ ಮಾತ್ರ ಬಟ್ಟೆ ಹರಿದು ಪಟ್ಟಿ ಮಾಡುತ್ತ, ಆ ದುಂಡು ಕಲೆಗಳನ್ನು ಬೆರಳಲ್ಲಿ ಸವರಿ, "ಕ್ಯಾ ಟೆಕ್ಸ್ಚರ್ ಹೈ!" ಎಂದು ಕಣ್ಣು ಮುಚ್ಚಿದ. ನಾಲ್ಕು ಬಟ್ಟೆ ನನ್ನ ಎದೆಗೆ ಸಾಕಾಯಿತು. ಮುಂದಿನ ಭಾನುವಾರ ಕಾಲುಗಳಿಗೆಂದು ಐದು ಕದ್ದೆ.

ಮಂಗಳವಾರ ಮಧ್ಯಾಹ್ನ ಮಾವ ಎಲ್ಲರನ್ನೂ ಅಡುಗೆಮನೆಯಲ್ಲಿ ನಿಲ್ಲಿಸಿದರು.

"ಬಟ್ಟೆಗೆ ಕಾಲು ಬಂತಾ ಎಂತ? ಕಾಗೆ ಕೊಂಡುಹೋಗುದಾದ್ರೆ ಒಂದು ಕೊಂಡುಹೋದೀತು. ಒಂಬತ್ತು ಕೊಂಡುಹೋಗ್ಲಿಕ್ಕೆ ಕಾಗೆಗೆ ಹೊಟೇಲು ಉಂಟಾ?"

ಭಟ್ಟರು ಚಟ್ನಿಯ ಪಾತ್ರೆ ನೋಡುತ್ತ, ಪಾತ್ರೆಗೆ ಹೇಳುವವರಂತೆ ಹೇಳಿದರು: "ಹಿಂದಿನ ಗಲ್ಲಿಯಲ್ಲಿ ಹೊಸ ಹೊಟೇಲು ಶುರುವಾಗಿದೆ. ಹೋದ ವಾರದವರೆಗೆ ಅವರ ಇಡ್ಲಿ ಅಂಟ್ತಿತ್ತು. ಈಗ ಅಂಟುದಿಲ್ಲವಂತೆ."

ಎಲ್ಲರ ಕಣ್ಣೂ ಅಕ್ಕನ ಸೊಂಟದ ಚಾವಿಯ ಕಡೆ ಹೋಯಿತು. ನನ್ನ ಕಣ್ಣೂ ಹೋಯಿತು. ಹೋಗದಿದ್ದರೆ ನನ್ನ ಮೇಲೆ ಅನುಮಾನ ಬಂದೀತೆಂದು ಬೇಕೆಂದೇ ಕಳಿಸಿದೆ.

"ಹನ್ನೊಂದು ವರ್ಸ ಆತು ಸೇಠರ," ಅಂದರು ಅಕ್ಕ. "ಇಡ್ಲಿ ಬಟ್ಟಿ ಒಯ್ದು ನಾ ಏನ್ ಮಾಡ್ಲಿ? ನಮ್ಮನ್ಯಾಗ ರೊಟ್ಟಿ ಬಡೀತೇವಿ."

"ನಾನು ಯಾರ ಹೆಸರೂ ಹೇಳ್ಲಿಲ್ಲ," ಅಂದರು ಮಾವ. " ಈ ಭಾನುವಾರ ಪುನಃ ಹೋಯ್ತೋ, ಮಂಗಳವಾರ ಚಾವಿ ಗಲ್ಲಾದ ಮೇಲೆ ಇಡ್ಬೇಕು. ಅಷ್ಟೇ."

ಚಾವಿ ಇಟ್ಟರೆ ಕೆಲಸ ಹೋಯಿತು ಎಂದರ್ಥ. ಚೆಂಬೂರಿನ ಚಾಳಿನಲ್ಲಿ ಅವರ ಮನೆಯ ಒಲೆ ಉರಿಯುತ್ತಿದ್ದದ್ದು ಈ ಒಂದು ಕೆಲಸದಿಂದ. ಅದು ನನಗೆ ಗೊತ್ತಿತ್ತು.

ಆ ವಾರ ಹೊಟೇಲಿನಲ್ಲಿ ಯಾರೂ ಯಾರನ್ನೂ ನಂಬಲಿಲ್ಲ. ಭಟ್ಟರು ಸೌಟನ್ನೂ ಬೀಗ ಹಾಕಿ ಇಡತೊಡಗಿದರು. ಮಾವ ಭಟ್ಟರ ಚೀಲವನ್ನು ಓರೆಗಣ್ಣಿನಲ್ಲಿ ನೋಡಿದರು. ನಾನು ಇಬ್ಬರನ್ನೂ ಗಿರಾಕಿಗಳೆದುರು ಅಭಿನಯಿಸಿ ಚಪ್ಪಾಳೆ ಗಿಟ್ಟಿಸಿದೆ. ಅಕ್ಕ ಮಾತ್ರ ಪ್ರತಿ ಸಂಜೆ ಗಲ್ಲಾದ ಹತ್ತಿರ ಬಂದು ಕರೆಯುತ್ತಿದ್ದರು: "ತಮ್ಮಾ, ಮ್ಯಾಲ ಬಾ. ನೀನ ಎಣಿಸಿ ಬಾಗಲಾ ಹಾಕು. ನಾಳಿ ಯಾರರ ಕೇಳಿದ್ರ ಸಾಕ್ಷಿ ಹೇಳಾಕ ಬೇಕಲ್ಲ."

ಕಳ್ಳನನ್ನೇ ಸಾಕ್ಷಿಗೆ ಕರೆದರೆ ಕಳ್ಳ ಏನು ಮಾಡಬೇಕು? ಸ್ಟೇಷನ್ನಿನ ಹೆಂಗಸಿನ ದನಿಯಲ್ಲಿ, "ಪ್ಲಾಟ್‌ಫಾರ್ಮ್ ನಂಬರ್ ಒಂದರ ಹಗ್ಗದಲ್ಲಿ ಹನ್ನೆರಡು ಬಟ್ಟೆಗಳು ಇವೆ" ಎಂದು ಎಣಿಸಿದೆ. ಅಕ್ಕ ನಗಲಿಲ್ಲ. ಒಂದು ಹೆಜ್ಜೆ ಹತ್ತಿರ ಬಂದು ಮೂಗು ಎಳೆದರು.

"ತಮ್ಮಾ, ನಿನ್ನ ಮೈಯಾಗ ಹುಳಿ ವಾಸನಿ ಬರ್ತೈತಿ."

"ಹೊಟೇಲಲ್ವಾ ಅಕ್ಕ."

"ನೀ ಗಲ್ಲಾದಾಗ ಕುಂದ್ರಾಂವ. ಹಿಟ್ಟಿನ ಹತ್ರ ಎಂದ ಹೋಗಿದ್ದಿ?"

ನಾನು ಕೆಮ್ಮಿದೆ, ಮಾವನ ಹಾಗೆ. ಅಂದಿನಿಂದ ದಿನಕ್ಕೆ ಎರಡು ಸಲ ಸ್ನಾನ ಮಾಡತೊಡಗಿದೆ. ಅದಕ್ಕೆ ಅತ್ತೆ, ನಾನು ಯಾವುದೋ ಹುಡುಗಿಯ ಹಿಂದೆ ಬಿದ್ದಿದ್ದೇನೆಂದು ಅನುಮಾನಪಟ್ಟರು.

ಭಾನುವಾರ ಬಂತು. ಮರುದಿನ ಕ್ಲೈಮ್ಯಾಕ್ಸು, ಕೈ ಕುತ್ತಿಗೆ ಎಲ್ಲಕ್ಕೂ ಹೊಸ ಪಟ್ಟಿ ಬೇಕೆಂದು ನಿರ್ದೇಶಕ ಪಟ್ಟು ಹಿಡಿದಿದ್ದ. ಮಂಗಳವಾರದೊಳಗೆ ಏನಾದರೂ ಉಪಾಯ ಹೊಳೆಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ನಾನೇ ಎಣಿಸಿಟ್ಟ ಬಟ್ಟೆಗಳಲ್ಲಿ ಐದನ್ನು ನಾನೇ ತೆಗೆದೆ. ಉಪಾಯ ಹೊಳೆಯಲಿಲ್ಲ.

ಮಂಗಳವಾರ ಮೂರು ಗಂಟೆಗೆ, ಊಟದ ಗಿರಾಕಿಗಳೆಲ್ಲ ಹೋದ ಮೇಲೆ, ಅಕ್ಕ ಬಂದು ನನ್ನೆದುರು ಗಲ್ಲಾದ ಮೇಲೆ ಚಾವಿ ಇಟ್ಟರು. ಮಾವ ಗೋಡೆಯ ದೇವರ ಪಟ ನೋಡುತ್ತ ನಿಂತಿದ್ದರು. ಬಾಯಿ ತೆರೆಯಬೇಕಾಗಿದ್ದ ಗಳಿಗೆ ಅದು. ತೆರೆದೆ ಕೂಡ. ಆದರೆ ಅಷ್ಟರಲ್ಲಿ ಮೊಬೈಲು ಗುಂಯ್ಗುಟ್ಟಿತು: ಹಿಂದಿನ ವಾರಗಳ ಶಾಟುಗಳನ್ನೇ ಜೋಡಿಸಿ ಮಾಡಿದ ಟ್ರೇಲರ್. ನನ್ನ ಬಾಯಿಂದ ಹೊರಟದ್ದು ಇದು:

"ನೋಡಿ ನೋಡಿ, ನಾನು ಬಂದೆ!"

ಎಲ್ಲರೂ ಬಗ್ಗಿದರು. ಮರಳಿನೊಳಗಿಂದ ಮಮ್ಮಿ ಎದ್ದಿತು, ಕೈ ಚಾಚಿತು, ಗಂಟಲಿನ ಆಳದಿಂದ ಗುರುಗುಟ್ಟಿತು.

ಮಾವನ ಹುಬ್ಬು ಗಂಟಿಕ್ಕಿತು. "ಈ ದನಿ ಎಲ್ಲಿಯೋ ಕೇಳಿದ್ದೇನಲ್ಲ."

"ಬೆಳಿಗ್ಗೆ ಹಲ್ಲುಜ್ಜುವಾಗ ಕೇಳಿರ್ತೀರಿ," ಅಂದರು ಭಟ್ಟರು.

ಅಕ್ಕ ಮಾತ್ರ ದನಿ ಕೇಳುತ್ತಿರಲಿಲ್ಲ. "ನಿಲ್ಲಸು ಅದನ್ನ," ಅಂದರು. ಎರಡು ಬೆರಳಿಟ್ಟು ಚಿತ್ರ ಹಿಗ್ಗಿಸಿದರು. ಮಮ್ಮಿಯ ಎದೆಯ ತುಂಬ ದುಂಡು ದುಂಡು ಕಲೆ. ಪಕ್ಕೆಲುಬಿನ ಪಟ್ಟಿಯ ಅಂಚಿನುದ್ದಕ್ಕೂ ಕೆಂಪು ದಾರ. ಮಾವ ಅದನ್ನು ನೋಡಿದರು, ಆಮೇಲೆ ಡ್ರಾವರನ್ನು ನೋಡಿದರು, ಆಮೇಲೆ ನನ್ನನ್ನು.

ಆಗಲೂ ನನಗೆ ಬುದ್ಧಿ ಬರಲಿಲ್ಲ. ಟಿವಿಯ ಇತಿಹಾಸದ ಕಾರ್ಯಕ್ರಮಗಳ ಗಂಭೀರ ದನಿ ತೆಗೆದು, "ಇದು ಮೂರು ಸಾವಿರ ವರ್ಷಗಳಷ್ಟು ಪುರಾತನವಾದ ಹೆಣ..." ಎಂದು ಶುರುಮಾಡಿದೆ.

ಅಕ್ಕ ಗಲ್ಲಾದ ಮೇಲಿನ ಚಾವಿ ಎತ್ತಿ ತಿರುಗಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಹೆಣ ಮೂರು ಸಾವಿರ ವರ್ಸದ್ದ ಇರವಲ್ದ್ಯಾಕ ತಮ್ಮಾ, ಹೊಲಿಗಿ ನಂದೈತಿ. ಇನ್ನ ಸೇಠರ ಮುಂದ ನಿನ್ನ ದನ್ಯಾಗ ಮಾತಾಡು."