ತಿರುಗದ ಕತ್ತು

ಹೋದ ವಾರ ಸ್ಕೂಟರಿಗೆಂದು ಹೊಸ ಹೆಲ್ಮೆಟ್ ಕೊಳ್ಳಲು ಹೋಗಿದ್ದೆ. ತಲೆಗೆ ಹಾಕಿಕೊಂಡ ಕೂಡಲೇ ಒಳಗಿನ ಸ್ಪಂಜಿನ, ಅಂಟಿನ ಹೊಸ ವಾಸನೆ ಮೂಗಿಗೆ ಬಡಿಯಿತು. ಸರಸ್ವತಿಪುರಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಾವ ನೆನಪಾದರು... ಅಂಗಡಿಯವರು ಅಳತೆ ಸರಿಹೋಯಿತೇ ಎಂದು ಕೇಳುತ್ತಲೇ ಇದ್ದರು.

ಅವರು ನಮಗೆ ನಂಟರಲ್ಲ. ವಾಯುಪಡೆಯಲ್ಲಿ ಯುದ್ಧವಿಮಾನ ಹಾರಿಸುತ್ತಿದ್ದವರು, ವಯಸ್ಸಾಗುವ ಮೊದಲೇ ಕೆಲಸ ಬಿಟ್ಟು ಹೆಂಡತಿಯೊಂದಿಗೆ ಮೈಸೂರಿಗೆ ಬಂದಿದ್ದರು. ಮಕ್ಕಳಿರಲಿಲ್ಲ. ನಾನು ಮಾವ, ಅತ್ತೆ ಎಂದೇ ಕರೆಯುತ್ತಿದ್ದೆ. ಮಾವನ ಕತ್ತು ಯಾವ ಕಡೆಗೂ ತಿರುಗುತ್ತಿರಲಿಲ್ಲ. ಪಕ್ಕದಿಂದ ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನಿಲ್ಲುತ್ತಿದ್ದರು. ಹೊಸಬರು ಅದನ್ನು ಮಿಲಿಟರಿ ಗತ್ತು ಎಂದುಕೊಳ್ಳುತ್ತಿದ್ದರು. ರಸ್ತೆ ದಾಟುವಾಗ ಎಡಬಲ ನೋಡುವ ಕೆಲಸ ಅತ್ತೆಯದು. ಅವರು ‘ಹೂಂ’ ಎಂದರೆ ಮಾತ್ರ ಮಾವ ಹೆಜ್ಜೆ ಇಡುತ್ತಿದ್ದರು.

ಅದು ಹೇಗಾಯಿತೆಂದು ಒಂದು ಸಂಜೆ ವರಾಂಡದಲ್ಲಿ ಕೂತು ಹೇಳಿದರು. ಅವರು ಹಾರಾಟ ಕಲಿತಾಗ ಪೈಲಟನ ಮುಂದೆ ಒಂದು ಓರೆ ಗಾಜು ಇರುತ್ತಿತ್ತಂತೆ. ವೇಗ, ಎತ್ತರ, ಗುರಿಯ ಗೆರೆ ಎಲ್ಲವೂ ಅದರ ಮೇಲೆ ಹಸಿರಾಗಿ ಮೂಡುತ್ತಿದ್ದವು. ಗುರಿ ಪಕ್ಕದಲ್ಲಿದ್ದರೆ ವಿಮಾನದ ಮೂತಿಯನ್ನೇ ಅತ್ತ ತಿರುಗಿಸಬೇಕಾಗಿತ್ತು. ಆಮೇಲೆ ಅದನ್ನೆಲ್ಲ ಹೆಲ್ಮೆಟ್ಟಿನ ಗಾಜಿನಲ್ಲೇ ತೋರಿಸುವ ವ್ಯವಸ್ಥೆ ಬಂತು. ತಲೆ ತಿರುಗಿಸಿದರೆ ಸಾಕು, ಗೆರೆಗಳೂ ಜೊತೆಗೆ ಬರುತ್ತಿದ್ದವು. ಅದನ್ನು ಪರೀಕ್ಷಿಸುವ ತಂಡಕ್ಕೆ ಮಾವ ತಾವಾಗಿಯೇ ಕೇಳಿಕೊಂಡು ಸೇರಿದ್ದರು. ವಿಮಾನ ಬಿರುಸಾಗಿ ಹೊರಳಿದಾಗ ತಲೆಯ ಮೇಲಿನ ಆ ಹೆಲ್ಮೆಟ್ಟಿನ ಭಾರ ಹಲವು ಪಟ್ಟು ಹೆಚ್ಚುತ್ತದೆ. ಅಂಥದೊಂದು ತಿರುವಿನಲ್ಲಿ, ಹಿಂದೆ ಬರುತ್ತಿದ್ದ ಜೊತೆಗಾರನ ವಿಮಾನವನ್ನು ಭುಜದ ಮೇಲಿಂದ ನೋಡಲು ಹೋದರು. ಕತ್ತಿನಲ್ಲಿ ಏನೋ ಲಟಕ್ಕೆಂದಿತು. ಹೇಗೋ ವಿಮಾನವನ್ನು ನೆಲಕ್ಕಿಳಿಸಿದರು. ವೈದ್ಯರು ಆಪರೇಷನ್ ಮಾಡಿ ಕತ್ತಿನ ಮೂಳೆಗಳನ್ನು ಸೇರಿಸಿ ಬಿಗಿದರು. ಮಾವ ಮತ್ತೆ ಹಾರಲಿಲ್ಲ.

ಆ ಹೆಲ್ಮೆಟ್ಟಿನ ಮೇಲೆ ಕೋಪ ಬರುವುದಿಲ್ಲವೇ ಎಂದು ಕೇಳಿದ್ದೆ.

“ಯಾಕಮ್ಮ ಬರ್ಬೇಕು? ಒಳ್ಳೇದೇ ಕಣಮ್ಮ ಅದು. ಎತ್ತ ನೋಡಿದ್ರೂ ಕಾಣ್ಸೋದು,” ಎಂದರು ಮಾವ.

“ಇವ್ರಿಗೆ ಬರಲ್ಲ, ನಂಗೆ ಬರುತ್ತೆ,” ಎಂದರು ಒಳಗಿನಿಂದ ಅತ್ತೆ.

ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಅತ್ತೆ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಕುಸಿದರು. ಆಂಬ್ಯುಲೆನ್ಸ್ ಬರುವುದು ತಡವಾಗುತ್ತದೆಂದರು. ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಅವರನ್ನು ಮಲಗಿಸಿದೆವು. ಬಗ್ಗಿ ಹಿಂದೆ ಕೂರಲು ಮಾವನಿಂದ ಆಗಲಿಲ್ಲ, ಕಾರು ಓಡಿಸುತ್ತಿದ್ದ ನನ್ನ ಪಕ್ಕದಲ್ಲಿ ಕೂತರು. ಚಾಮರಾಜಪುರಂ ಹತ್ತಿರ ವಾಹನಗಳು ಸಾಲುಗಟ್ಟಿದ್ದವು. ಮಾವ ಮೈಯನ್ನು ತಿರುಗಿಸಲು ಹೆಣಗಿದರು, ಸೀಟು ಬಿಡಲಿಲ್ಲ.

“ಹೆಂಗಿದಾಳಮ್ಮ? ನಂಗೆ ಕಾಣ್ತಿಲ್ಲ,” ಎಂದರು.

ಹಿಂದಿನ ಸೀಟು ಕಾಣುವಂತೆ ನಾನು ಮೇಲಿನ ಕನ್ನಡಿಯನ್ನು ಅವರತ್ತ ಓರೆ ಮಾಡಿದೆ. ಅವರು ಅದರಿಂದ ಕಣ್ಣು ಕೀಳಲಿಲ್ಲ. “ಇಲ್ಲೇ ಇದೀನಿ ಕಣೆ... ನೀನು ಕಾಣ್ತಿದೀಯ,” ಎಂದು ಮೆಲ್ಲಗೆ ಹೇಳುತ್ತಲೇ ಇದ್ದರು. ಅತ್ತೆಯೂ ಕನ್ನಡಿಯತ್ತ ನೋಡುತ್ತಿದ್ದರೋ ಏನೋ... ರಸ್ತೆ ಬಿಟ್ಟು ನೋಡಲು ನನಗೆ ಧೈರ್ಯವಿರಲಿಲ್ಲ. ಆಸ್ಪತ್ರೆಯ ಗೇಟು ಕಾಣುವ ಹೊತ್ತಿಗೆ ಮಾವ ನನ್ನ ತೋಳು ಮುಟ್ಟಿದರು.

“ನಿಧಾನಕ್ಕೆ ಓಡ್ಸಮ್ಮ. ಇನ್ನು ಅವಸರ ಇಲ್ಲ.”

ಅದಾದ ಮೇಲೆ ಮಾವ ನಮ್ಮ ಬೀದಿಯಾಚೆ ಒಬ್ಬರೇ ಹೋದದ್ದನ್ನು ನಾನು ನೋಡಲಿಲ್ಲ. ಕಳೆದ ವರ್ಷ ಅವರೂ ಹೋದರು. ಈಗ ಆ ಮನೆಯಲ್ಲಿ ಟ್ಯುಟೋರಿಯಲ್ ನಡೆಯುತ್ತದೆ.

ಇಂದು ಪತ್ರಿಕೆಯಲ್ಲಿ ಓದಿದೆ: ಹೊಸದೊಂದು ಯುದ್ಧವಿಮಾನದಲ್ಲಿ ಮುಂದಿನ ಆ ಗಾಜೇ ಇಲ್ಲವಂತೆ, ಎಲ್ಲವೂ ಹೆಲ್ಮೆಟ್ಟಿನಲ್ಲೇ. ಪತ್ರಿಕೆ ಹಿಡಿದು ಪಕ್ಕದ ಮನೆಯ ಕಾಂಪೌಂಡಿನವರೆಗೂ ಹೋಗಿಬಿಟ್ಟಿದ್ದೆ. ಆಚೆಯಿಂದ ಮಕ್ಕಳ ಪಾಠದ ಸದ್ದು ಕೇಳಿಸಿತು... ಹೇಳಿದ್ದರೆ ಮಾವ ಸಂತೋಷಪಡುತ್ತಿದ್ದರು. ಅತ್ತೆ ಬೈಯುತ್ತಿದ್ದರು. ಇಬ್ಬರೂ ಇಲ್ಲ.