ಇಸ್ತ್ರಿ ಅಕ್ಕನ ಗೋಡೆಗೆ ಬಂದಿಳಿದ ನಾವಿಕರು

ಏಳನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದ ಆ ಟೀಚರಿಗೆ ಶಾಲೆಯಲ್ಲಿ ‘ಹಡಗು ಮಿಸ್ಸು’ ಎಂದೇ ಹೆಸರು. ಯುರೋಪಿನ ನಾವಿಕರ ಪಾಠ ಬಂತೆಂದರೆ ಅವರಿಗೆ ಎಲ್ಲಿಲ್ಲದ ಹುರುಪು. ಮೇಜನ್ನು ಗೋಡೆಗೆ ಒತ್ತರಿಸಿ, ಬಿರುಗಾಳಿಗೆ ಸಿಕ್ಕ ಹಡಗಿನ ಹಾಗೆ ತಾವೇ ಓಲಾಡಿ ತೋರಿಸುವರು. ಹಿಂದಿನ ಬೆಂಚಿನ ತೂಕಡಿಕೆಯವರೂ ಬಾಯಿ ಬಿಟ್ಟುಕೊಂಡು ನೋಡುವರು. ಅಸಲಿಗೆ ಮಿಸ್ಸು ಜನ್ಮದಲ್ಲಿ ದೋಣಿ ಹತ್ತಿದವರಲ್ಲ.

“ಬಸ್ಸಲ್ಲಿ ಕಿಟಕಿ ಸೀಟು ಸಿಗದಿದ್ರೆ ವಾಂತಿ ಮಾಡ್ಕೊಳ್ಳೋಳು, ಕ್ಲಾಸಲ್ಲಿ ಕೊಲಂಬಸ್!” ಎಂದು ಗಂಡ ರೇಗಿಸಿದರೆ, “ಅದಕ್ಕೇ ರೀ ನಂಗೆ ಅವರ ಕಷ್ಟ ಅರ್ಥ ಆಗೋದು” ಎನ್ನುವರು.

ಆ ವರ್ಷ ಅವರಿಗೊಂದು ಹೊಸ ಹುಕಿ ಬಂತು. ಮಕ್ಕಳನ್ನು ಗುಂಪು ಮಾಡಿ ಶಾಲೆಯ ಹಿಂದಿನ ಗಲ್ಲಿಗೆ ಬಿಟ್ಟರು. ಪ್ರತಿ ಗುಂಪೂ ಒಂದು ಹಡಗು. ಕಂಡ ಜಾಗಕ್ಕೆಲ್ಲ ಹೆಸರಿಟ್ಟು ನಕ್ಷೆ ಬರೆದು ತರಬೇಕು. ಮಿಸ್ಸು ತಿರುವಿನಲ್ಲಿ ಕಾವಲು ನಿಂತರು. ಮಕ್ಕಳು ಹಾರಾಡಿಕೊಂಡು ಮರಳಿದರು. ಸೈಕಲ್ ರಿಪೇರಿ ಅಂಗಡಿ ‘ಚಕ್ರಗಳ ಕೊಲ್ಲಿ’ಯಾಗಿತ್ತು, ನೀರಿನ ಟ್ಯಾಂಕು ‘ತೊಟ್ಟಿಕ್ಕುವ ಪರ್ವತ’ವಾಗಿತ್ತು. ಮಿಸ್ಸು ಬೀಗಿಹೋದರು.

ಮರುದಿನ ಮೊದಲ ಪಿರಿಯಡ್ಡಿಗೇ ಬಾಗಿಲಲ್ಲಿ ಒಬ್ಬ ಹೆಂಗಸು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಗಲ್ಲಿಯ ಕೊನೆಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವ ಅಕ್ಕ.

“ಮೇಡಂ, ನಾನು ಮದುವೆಯಾಗಿ ಬಂದಾಗಿಂದ ಅದೇ ಮನೇಲಿದ್ದೀನಿ. ಈಗ ನಿಮ್ಮ ಮಕ್ಕಳು ನನ್ನ ಕಂಡುಹಿಡಿದಿದ್ದಾರಂತೆ! ಗೋಡೆ ಮೇಲೆ ಇದ್ದಿಲಲ್ಲಿ ಬರ್ದಿದ್ದಾರೆ, ‘ಬಿಸಿ ದ್ವೀಪ, ಇದು ನಮ್ಮದು’ ಅಂತ.”

ತರಗತಿ ಗೊಳ್ಳೆಂದಿತು. ಮಿಸ್ಸಿಗೂ ನಗು ಉಕ್ಕಿತು, ಆದರೆ ಅರ್ಧದಲ್ಲೇ ನಿಂತಿತು. ಅಮೆರಿಕವನ್ನು ಕಂಡುಹಿಡಿದವರು ಯಾರು? ಒಂದು ಅಂಕದ ಪ್ರಶ್ನೆ. ಅದನ್ನು ತಾವು ಎಷ್ಟು ವರ್ಷದಿಂದ ಉಕ್ತಲೇಖನದ ಹಾಗೆ ಬರೆಸುತ್ತಾ ಬಂದಿದ್ದರಲ್ಲ! ಅವರು ಕುರ್ಚಿ ಎಳೆದು, “ತಪ್ಪಾಯ್ತು, ಬನ್ನಿ ಅಕ್ಕಾ. ನಡೆದದ್ದನ್ನ ಇವರಿಗೇ ಹೇಳಿ” ಎಂದರು.

ಅಕ್ಕ ಸಂಕೋಚದಿಂದ ಕುರ್ಚಿಯ ತುದಿಯಲ್ಲಿ ಕೂತಳು. ಗೋಡೆಯ ಮೇಲೆ ಬರೆದ ಗುಂಪಿನ ಮುಂದಾಳು, ಒಬ್ಬಳು ಮಾತಿನಮಲ್ಲಿ, ಎದ್ದು ನಿಂತಳು. “ನಮ್ಮನ್ನ ನೋಡ್ದಾಗ ನಿಮಗೆ ಏನನ್ನಿಸ್ತು ಆಂಟಿ?”

“ಏನನ್ನಿಸುತ್ತೆ? ಬಿಸಿಲಲ್ಲಿ ಬಂದಿವೆ, ಬಾಯಾರಿರಬೇಕು ಅಂದ್ಕೊಂಡೆ. ನೀರು ತರೋಕೆ ಒಳಗೆ ಹೋದೆ. ಚೊಂಬು ಹಿಡ್ಕೊಂಡು ಬರೋ ಹೊತ್ತಿಗೆ ಬರೆದು ಓಡಿಹೋಗಿದ್ರಿ.”

ಮಾತಿನಮಲ್ಲಿ ಕಿವಿಯವರೆಗೂ ಕೆಂಪಾಗಿ ಕೂತಳು, ಮತ್ತೆ ತಡೆಯಲಾರದೆ ಎದ್ದಳು. “ಮಿಸ್, ಹಡಗಲ್ಲಿ ಬಂದವರಿಗೂ ಅಲ್ಲಿನ ಜನ ನೀರು ತಂದುಕೊಟ್ರಾ? ಆ ಜಾಗಕ್ಕೆ ಅವರು ಏನಂತಿದ್ರು?”

ಮಿಸ್ಸು ಪುಸ್ತಕ ತಿರುವಿದರು. ಹಡಗುಗಳ ಹೆಸರಿತ್ತು, ಅವನ್ನು ಕಳಿಸಿದ ರಾಣಿಯ ಹೆಸರಿತ್ತು, ದಡದ ಜನರ ಸುದ್ದಿಯೇ ಇರಲಿಲ್ಲ. “ನಂಗೆ ಗೊತ್ತಿಲ್ಲ ಕಣೇ” ಎಂದರು. ಹಾಗೆನ್ನಲು ಅವರಿಗೆ ನಾಚಿಕೆಯಾಗಲಿಲ್ಲ. ಬದಲಿಗೆ ಏನೋ ಹೊಸದು ಕೈಗೆ ಸಿಕ್ಕ ಹಾಗೆ ಮೈ ಜುಮ್ಮೆಂದಿತು. “ಹುಡುಕೋಣ.”

ಹುಡುಕಿದರು. ಲೈಬ್ರರಿಯ ಮೇಲಿನ ಕಪಾಟಿನಿಂದ ಧೂಳು ಕೊಡವಿ ಪುಸ್ತಕ ಇಳಿಸಿದರು. ದಡದ ಜನ ಈಜಿಕೊಂಡು ಹಡಗಿನವರೆಗೂ ಬಂದಿದ್ದರು, ಗಿಳಿಗಳನ್ನೂ ಹತ್ತಿಯ ಉಂಡೆಗಳನ್ನೂ ಕೊಟ್ಟಿದ್ದರು, ತಮ್ಮ ದ್ವೀಪವನ್ನು ಗ್ವಾನಹಾನಿ ಎನ್ನುತ್ತಿದ್ದರು. ಕೊಲಂಬಸ್ ಅದಕ್ಕೆ ಬೇರೆ ಹೆಸರಿಟ್ಟ. ಮಕ್ಕಳು ಗೋಡೆಯ ನಕ್ಷೆಯ ಮೇಲೆ ಹಳೆಯ ಹೆಸರಿನ ಚೀಟಿ ಅಂಟಿಸಿದರು. ಪಾಠ ಹಿಂದೆ ಬಿತ್ತೆಂದು ಹೆಡ್‌ಮಾಸ್ಟರು ಮುಖ ಗಂಟಿಕ್ಕಿದರು. ಮಿಸ್ಸು ಶನಿವಾರ ಹೆಚ್ಚುವರಿ ತರಗತಿ ತೆಗೆದುಕೊಂಡು ಸರಿದೂಗಿಸಿದರು.

ಮಾತಿನಮಲ್ಲಿಯ ಗುಂಪು ಬಕೆಟ್ ಹಿಡಿದು ಹೋಗಿ ಗೋಡೆ ತೊಳೆಯಿತು, ಈ ಸಲ ಬಾಗಿಲು ತಟ್ಟಿಯೇ. ಜೊತೆಗೆ ಹೋಗಿದ್ದ ಮಿಸ್ಸನ್ನು ಅಕ್ಕ ಪಕ್ಕಕ್ಕೆ ಕರೆದಳು. ನೋಡಿದರೆ ಅವಳ ತಲೆಗೂ ಹುಳ ಹೊಕ್ಕಿತ್ತು.

“ಅಲ್ಲಾ ಮೇಡಂ, ತಿಂಗಳುಗಟ್ಟಲೆ ಹಡಗಲ್ಲಿ ಇರ್ತಿದ್ರಲ್ಲ, ಅವರ ಬಟ್ಟೆ ಯಾರು ಒಗೀತಿದ್ರು?”

ಮಿಸ್ಸು ಅದನ್ನೂ ಓದಿ ತಿಳಿದು, ಮುಂದಿನ ವಾರ ಇಸ್ತ್ರಿ ಮೇಜಿಗೆ ಒರಗಿ ನಿಂತು ಹೇಳಿದರು. “ಒಗೆದ್ರೆ ಅವರೇ, ಅದೂ ಸಮುದ್ರದ ಉಪ್ಪುನೀರಲ್ಲಿ. ಸರಿಯಾಗಿ ಒಣಗ್ತಾನೇ ಇರಲಿಲ್ಲವಂತೆ.”

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ನಿಂತಳು. “ಅಯ್ಯೋ ಪಾಪ, ಮೈಯೆಲ್ಲ ಕೆರ್ಕೊಂಡು ಕೆರ್ಕೊಂಡೇ ದಡ ಸೇರಿರ್ಬೇಕು!”