ಭಟ್ಟರ ಉಲ್ಲನ್ ಗಾಳ

ಮೀನು ತಿನ್ನದವನಿಗೆ ಮೀನು ಸಿಕ್ಕುತ್ತದೆ, ತಿನ್ನುವವನಿಗೆ ಸಿಕ್ಕುವುದಿಲ್ಲ ಎಂದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಕೆನಡಾದ ಬ್ರ್ಯಾಂಪ್ಟನ್ನಿನ ಜಯಪ್ರಕಾಶನಿಗೆ ಮೂರು ವರ್ಷದಿಂದ ಉರಿಯುತ್ತಿತ್ತು. ಹಾಗೆಂದು ಆತ ಕೆಟ್ಟವನಲ್ಲ. ಪಕ್ಕದ ಮನೆಯವರ ಹಿಮವನ್ನೂ ತಾನೇ ಎತ್ತಿ ಹಾಕುವಂಥವನು, ಹೊಸದಾಗಿ ಬಂದ ಹುಡುಗರಿಗೆ ಗೋದಾಮಿನಲ್ಲಿ ಕೆಲಸ ಕೊಡಿಸಿದವನು. ಆದರೆ ಏಪ್ರಿಲ್ ಬಂದು, ಎಜಾಕ್ಸಿನ ಹಳ್ಳದಲ್ಲಿ ಸ್ಟೀಲ್‌ಹೆಡ್ ಮೀನು ಸರೋವರದಿಂದ ಮೇಲೆ ಹತ್ತತೊಡಗಿತೆಂದರೆ ಮಾತ್ರ ಅವನೊಳಗೆ ಇನ್ನೊಬ್ಬ ಮನುಷ್ಯ ಎದ್ದು ಕೂರುತ್ತಿದ್ದ.

ಜಯಪ್ರಕಾಶ ಗಂಗೊಳ್ಳಿಯ ಮೀನುಗಾರರ ಮನೆಯವನು. ಅಪ್ಪ, ಇಬ್ಬರು ಅಣ್ಣಂದಿರು, ಚಿಕ್ಕಪ್ಪ, ಎಲ್ಲರೂ ಕಡಲಿಗೆ ಹೋದವರೇ. ಇವನೂ ಹೋಗಿದ್ದ. ಮೊದಲ ದಿನ ದೋಣಿ ಅಳಿವೆ ದಾಟುವ ಮೊದಲೇ ವಾಂತಿ ಮಾಡಿಕೊಂಡ. ಎರಡನೆಯ ಸಲವೂ ಅದೇ ಕತೆ. ಮೂರನೆಯ ಸಲ ಅಪ್ಪ ದೋಣಿಯನ್ನೇ ತಿರುಗಿಸಿ ತಂದು ದಡಕ್ಕೆ ಇಳಿಸಿ, "ನೀನ್ ಇಲ್ಲೇ ಇರ್ ಮಗಾ, ಕಡ್ಲ್ ನಿಂಗೆ ಆಪ್ದಲ್ಲ" ಎಂದುಬಿಟ್ಟರು. ಹಾಗೆ ಇವನು ಬಂದರಿನ ಐಸ್ ಪ್ಲಾಂಟಿಗೆ ಸೇರಿದ. ಐಸು ಮಾಡುವ ಯಂತ್ರ ಕಲಿತು, ಡಿಪ್ಲೊಮಾ ಮುಗಿಸಿ, ತಂಪು ಗೋದಾಮುಗಳ ಕೆಲಸ ಹಿಡಿದು ಕೊನೆಗೆ ಬ್ರ್ಯಾಂಪ್ಟನ್ನಿಗೆ ಬಂದ. ಈಗ ಇಲ್ಲಿನ ದೊಡ್ಡ ಕೋಲ್ಡ್ ಸ್ಟೋರೇಜಿನಲ್ಲಿ ಶಿಫ್ಟಿನ ಮೇಲ್ವಿಚಾರಕ. ಅಪ್ಪ ಬಂಗುಡೆ ಎಣಿಸಿದ, ಮಗ ಫ್ರೋಜನ್ ಬಟಾಣಿ ಎಣಿಸುತ್ತಾನೆ.

ಈ ವಾಂತಿಯ ಸಂಗತಿ ಕೆನಡಾದಲ್ಲಿ ಹೆಂಡತಿ ತೃಪ್ತಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಕನ್ನಡದವರು ಸೇರಿದಲ್ಲೆಲ್ಲ, "ನಿಮಗೇನು ಸಾರ್, ಮೀನು ಹಿಡಿಯೋದು ನಿಮ್ಮ ರಕ್ತದಲ್ಲೇ ಇದೆ" ಎಂದು ಯಾರಾದರೊಬ್ಬರು ಹೇಳುತ್ತಿದ್ದರು. ಜಯಪ್ರಕಾಶ ಹೌದು ಎನ್ನುತ್ತಿರಲಿಲ್ಲ, ಅಲ್ಲ ಎಂದೂ ಎನ್ನುತ್ತಿರಲಿಲ್ಲ. ಸುಮ್ಮನೆ ನಗುತ್ತಿದ್ದ. ನಕ್ಕೂ ನಕ್ಕೂ ಆ ನಗು ಅವನಿಗೇ ಸಾಲದಾಯಿತು. ಒಂದೇ ಒಂದು ಸ್ಟೀಲ್‌ಹೆಡ್, ಸ್ವಂತ ಕೈಯಲ್ಲಿ ಹಿಡಿದು, ಸ್ವಂತ ಅಡಿಗೆಮನೆಗೆ ತಂದರೆ ಆ ನಗುವಿಗೆ ಒಂದು ಅರ್ಥ ಬರುತ್ತದೆ ಎಂದು ಅವನಿಗೆ ಅನ್ನಿಸಿತು. ಲೈಸೆನ್ಸ್ ತೆಗೆದ, ಗಾಳದ ರಾಡು ಕೊಂಡ, ಬೇಸ್‌ಮೆಂಟಿನಲ್ಲಿ ಕೂತು ವಿಡಿಯೊ ನೋಡಿ ಗಂಟು ಹಾಕುವುದನ್ನು ಕಲಿತ.

ಉಮಾಶಂಕರನನ್ನು ಆ ಹಳ್ಳಕ್ಕೆ ಕರೆದುಕೊಂಡು ಹೋದದ್ದೂ ಇವನೇ. ಅದೇ ಅವನನ್ನು ಹೆಚ್ಚು ಸುಡುತ್ತಿದ್ದದ್ದು. ಉಮಾಶಂಕರ ಭಟ್ಟ ಮೈಸೂರಿನವನು, ಸಾಫ್ಟ್‌ವೇರಿನವನು, ಸ್ಟೌಫ್‌ವಿಲ್‌ನಲ್ಲಿ ಹೊಸ ಮನೆ. ಕೋಳಿಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಕಟ್ಟಾ ಸಸ್ಯಾಹಾರಿ. ಒಂದು ಯುಗಾದಿ ಊಟದಲ್ಲಿ ಪಕ್ಕದಲ್ಲಿ ಕೂತವನು, "ಡಾಕ್ಟರು ಸ್ಕ್ರೀನ್ ಬಿಟ್ಟು ಹೊರಗೆ ಹೋಗು ಅಂದಿದಾರೆ ಸಾರ್, ನಿಮ್ ಜೊತೆ ಒಂದಿನ ನದಿಗೆ ಬರ್ಲಾ?" ಎಂದು ಕೇಳಿದ್ದ.

"ನದಿ ಎಂತ ಬಂತ್ ಭಟ್ರೆ, ನಮ್ಮೂರಂಗೆ ಇದ್ಕ್ ತೋಡ್ ಅಂತ್ರ್. ಬನ್ನಿ" ಎಂದು ಜಯಪ್ರಕಾಶ ಕರೆದೊಯ್ದಿದ್ದ. ಗಂಟು ಹಾಕಲು ಕಲಿಸಿದ. ದಾರಕ್ಕೆ ಕಟ್ಟಿದ ತೇಲುಬೆಂಡನ್ನು ತೋರಿಸಿ, ಮೇಲಿನ ನೀರು ಬೇಗ ಹರಿಯುತ್ತದೆ, ತಳದ ನೀರು ನಿಧಾನ, ಆದ್ದರಿಂದ "ಬೆಂಡ್ ನೀರಿಕಿಂತ ಒಂಚೂರ್ ಹಿಂದೆ ಹೋಯ್ಕ್, ತಡ್ದ್ ತಡ್ದ್ ಬಿಡಿ" ಎಂದು ಹೇಳಿಕೊಟ್ಟ. ಎಲ್ಲರೂ ಗಾಳಕ್ಕೆ ಕಟ್ಟುವುದು ಬಲೆಬಟ್ಟೆಯಲ್ಲಿ ಸುತ್ತಿದ ಮೀನಿನ ಮೊಟ್ಟೆ. ಅದನ್ನು ನೋಡಿ ಉಮಾಶಂಕರ ಮುಖ ಕಿವುಚಿದ. ಮರುವಾರ ಹೆಂಡತಿ ಮೀರಾ ಸ್ವೆಟರ್ ಹೆಣೆದು ಉಳಿಸಿದ್ದ ಗುಲಾಬಿ ಉಲ್ಲನ್ ದಾರವನ್ನು ಚಿಟಿಕೆಯಷ್ಟು ಕತ್ತರಿಸಿ ತಂದು ಮೊಟ್ಟೆಯ ಹಾಗೆ ಗಾಳಕ್ಕೆ ಕಟ್ಟಿದ. ಜಯಪ್ರಕಾಶ ಬಿದ್ದು ಬಿದ್ದು ನಕ್ಕ. "ಮಡಿ ಗಾಳ!" ಎಂದು ಹೆಸರಿಟ್ಟ. ಅವನು ನಗು ಮುಗಿಸುವಷ್ಟರಲ್ಲಿ ಮೀನು ಬಿದ್ದಿತ್ತು.

ಅಂದಿನಿಂದ ಇದೇ ಹಣೆಬರಹ. ಭಟ್ಟರ ಉಲ್ಲನ್ನಿಗೆ ಮೀನು ಬೀಳುವುದು, ಜಯಪ್ರಕಾಶನ ನಿಜವಾದ ಮೊಟ್ಟೆಯನ್ನು ಪುಡಿಮೀನುಗಳು ಕಿತ್ತು ತಿಂದು ಹೋಗುವುದು. ಸಾಲದ್ದಕ್ಕೆ ಉಮಾಶಂಕರ ಇವನನ್ನು "ಗುರುಗಳೇ" ಎಂದೇ ಕರೆಯುತ್ತಿದ್ದ. ತಮಾಷೆಗಲ್ಲ, ಮನಸಾರೆ. ತಮಾಷೆಗಾದರೂ ಕರೆದಿದ್ದರೆ ತಿರುಗಿ ಬೈಯಬಹುದಿತ್ತು.

ಆ ಶನಿವಾರ ಸೀಸನ್ ತೆರೆದ ದಿನ. ಬೆಳಗಾಗುವ ಹೊತ್ತಿಗೆ ಹಳ್ಳದ ದಡದಲ್ಲಿ ಮೊಣಕೈಗೆ ಮೊಣಕೈ ತಾಗುವಷ್ಟು ಜನ. ಇಷ್ಟು ಜನ ಸೇರಿದಲ್ಲಿ ಮೀನು ಹಿಡಿಯುವುದಕ್ಕಿಂತ ಮರ್ಯಾದೆ ಉಳಿಸಿಕೊಳ್ಳುವುದು ಕಷ್ಟ. ಒಬ್ಬ ಗಾಳ ಎಸೆದ ಮೇಲೆ ಪಕ್ಕದವನು ಎಸೆಯಬೇಕು, ಇಲ್ಲವಾದರೆ ದಾರಗಳು ಸಿಕ್ಕುಬೀಳುತ್ತವೆ. ಯಾರಿಗಾದರೂ ಮೀನು ಬಿದ್ದು "ಫಿಶ್ ಆನ್" ಎಂದು ಕೂಗಿದರೆ ಉಳಿದವರೆಲ್ಲ ದಾರ ಸುತ್ತಿಕೊಂಡು ಅವನಿಗೆ ಜಾಗ ಬಿಡಬೇಕು. ಮೀನು ಮೊಟ್ಟೆಯಿಟ್ಟ ಜಲ್ಲಿಯ ಮೇಲೆ ಕಾಲಿಡಬಾರದು. ಗಾಳ ಬಾಯಿಗೆ ಸಿಗದೆ ಮೈಗೆಲ್ಲಾದರೂ ಚುಚ್ಚಿಕೊಂಡಿದ್ದರೆ ಅದು "ಫೌಲ್ ಹುಕ್ಡ್", ಹಿಡಿದ ಮೀನಲ್ಲ, ಕೂಡಲೇ ನೀರಿಗೆ ಬಿಡಬೇಕು. ಅದು ಕಾನೂನು ಕೂಡ. ಇದನ್ನೆಲ್ಲ ಹೊಸಬರಿಗೆ ಬಾಯಿಪಾಠ ಹೇಳಿಕೊಡುತ್ತಿದ್ದವನು ಯಾರೆಂದುಕೊಂಡಿರಿ? ಉಮಾಶಂಕರನೇ. ಆ ಹಳ್ಳದ ಹಳೆಯ ತಲೆ ಗ್ಲೆನ್ ಎಂಬ ಮುದುಕನಿಗೆ ಅವನೆಂದರೆ ಪ್ರಾಣ. "ಮಾರ್ನಿಂಗ್, ಉಮಾ!" ಎಂದು ಸರಿದು ಜಾಗ ಕೊಡುತ್ತಿದ್ದ. ಜಯಪ್ರಕಾಶನನ್ನು ಕಂಡರೆ, "ಓ, ಉಮಾಸ್ ಬಡ್ಡಿ!" ಎನ್ನುತ್ತಿದ್ದ. ಮೂರು ವರ್ಷದಿಂದ ಇವನ ಹೆಸರು ಉಮಾಸ್ ಬಡ್ಡಿ, ಉಮಾನ ಗೆಳೆಯ.

ಸೂರ್ಯ ಮರಗಳ ಮೇಲೆ ಬರುವ ಮೊದಲೇ ಉಮಾಶಂಕರನ ಬೆಂಡು ಮುಳುಗಿತು. "ಫಿಶ್ ಆನ್!" ಎಲ್ಲರೂ ದಾರ ಸುತ್ತಿಕೊಂಡರು. ಜಯಪ್ರಕಾಶನೂ ಸುತ್ತಿದ, ಎಲ್ಲರಿಗಿಂತ ಕೊನೆಗೆ ಮತ್ತು ಎಲ್ಲರಿಗಿಂತ ನಿಧಾನವಾಗಿ. ಉಮಾಶಂಕರ ಆತುರವಿಲ್ಲದೆ ಮೀನನ್ನು ದಡದ ಹತ್ತಿರ ತಂದ, ಕೈ ಒದ್ದೆ ಮಾಡಿಕೊಂಡ, ನೀರಿನಿಂದ ಎತ್ತದೆಯೇ ಗಾಳ ಬಿಡಿಸಿದ. ಬೆಳ್ಳಿ ಬಣ್ಣದ, ತೋಳುದ್ದದ ಮೀನು. ಬಾಲ ಹಿಡಿದು, ಹರಿವಿಗೆ ಮುಖಮಾಡಿ ನಿಲ್ಲಿಸಿ, ಅದು ಉಸಿರು ಹಿಡಿಯುವವರೆಗೆ ಕಾದು, "ಹೋಗ್ಬಾಮ್ಮ" ಎಂದು ಬಿಟ್ಟ. ಜಯಪ್ರಕಾಶನ ಲೆಕ್ಕದಲ್ಲಿ ಹೋದದ್ದು ಮೀನಲ್ಲ, ಒಂದು ಪಾತ್ರೆ ಸಾರು.

"ಗುರುಗಳೇ, ಇಲ್ಲಿ ನಿಂತ್ಕೊಳಿ, ಇನ್ನೂ ಇವೆ ಇಲ್ಲಿ. ಒಂಚೂರು ಉಲ್ಲನ್ ಕೊಡ್ಲಾ?" ಎಂದ ಉಮಾಶಂಕರ.

"ಉಲ್ಲನ್ ನೀವೇ ಇಟ್ಕಣಿ" ಎಂದ ಜಯಪ್ರಕಾಶ. ಜಾಗವನ್ನು ಮಾತ್ರ ಬಿಡಲಿಲ್ಲ. ಬಿಟ್ಟರೆ ಇನ್ಯಾರೋ ಬಂದು ನಿಲ್ಲುತ್ತಿದ್ದರು.

ಗಾಳ ಎಸೆದ. ಬೆಂಡು ತೇಲಿತು. ತಡೆದು ತಡೆದು ಬಿಡಬೇಕೆಂದು ತಾನೇ ಕಲಿಸಿದ ಪಾಠ ತನಗೇ ಮರೆತುಹೋಗಿತ್ತು. ಬೆಂಡು ಒಂದಿಷ್ಟು ಅಲ್ಲಾಡಿದರೆ ಸಾಕು, ಕಲ್ಲಿಗೆ ತಾಗಿತೋ ಮೀನಿಗೆ ತಾಗಿತೋ ನೋಡದೆ ರಾಡನ್ನು ಎಳೆಯುತ್ತಿದ್ದ. ಬೆನ್ನ ಹಿಂದೆ ಗ್ಲೆನ್ ಮತ್ತು ಉಮಾಶಂಕರ ನಗುತ್ತಾ ಮಾತಾಡುತ್ತಿದ್ದರು. ಅವರು ಹವಾಮಾನದ ವಿಷಯ ಆಡುತ್ತಿದ್ದರೂ ತನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎಂದೇ ಇವನಿಗೆ. ಆ ಸಿಟ್ಟಿನಲ್ಲೇ ಒಮ್ಮೆ ಬಲವಾಗಿ ಎಳೆದ. ರಾಡು ಬಾಗಿ ನಿಂತಿತು. ಆಮೇಲೆ ನಡುಗಿತು.

"ಫಿಶ್ ಆನ್!"

ಈ ಕೂಗನ್ನು ಅವನು ಬೇಸ್‌ಮೆಂಟಿನಲ್ಲಿ ಎಷ್ಟು ಸಲ ಅಭ್ಯಾಸ ಮಾಡಿದ್ದನೋ. ಈಗ ಸ್ವರ ಒಡೆದು ಕೋಳಿ ಕೂಗಿದ ಹಾಗೆ ಬಂತು. ಆದರೇನು, ಸಾಲುಸಾಲು ಜನ ಇವನಿಗಾಗಿ ದಾರ ಸುತ್ತಿಕೊಂಡರು! ಮೀನು ಅಡ್ಡಡ್ಡ ಎಳೆಯಿತು, ಭಾರವಾಗಿ, ಮೊಂಡಾಗಿ. ತೋಳು ಸೋತು, ಬೆವರು ಕಣ್ಣಿಗಿಳಿಯಿತು. ಕೊನೆಗೆ ಉಮಾಶಂಕರ ಬಲೆ ಹಿಡಿದು ನೀರಿಗಿಳಿದು ಮೀನನ್ನು ಒಳಗೆ ತೆಗೆದುಕೊಂಡ. ಅವನು ಹಿಡಿದದ್ದಕ್ಕಿಂತ ದೊಡ್ಡ ಮೀನು. ಜಯಪ್ರಕಾಶನ ಎದೆ ಅರಳಿತು.

ಮೀನಿನ ಬಾಯಿ ಖಾಲಿಯಿತ್ತು. ಗಾಳ ಬೆನ್ನಿನ ರೆಕ್ಕೆಯ ಬುಡಕ್ಕೆ ಚುಚ್ಚಿಕೊಂಡಿತ್ತು.

ಇಬ್ಬರೂ ಬಗ್ಗಿ ನಿಂತಿದ್ದರು, ಜನರಿಗೆ ಬೆನ್ನು ಹಾಕಿ. ಕಂಡದ್ದು ಅವರಿಬ್ಬರಿಗೆ ಮಾತ್ರ. ಉಮಾಶಂಕರ ತಲೆಯೆತ್ತದೆ ಕನ್ನಡದಲ್ಲಿ ಹೇಳಿದ: "ಗುರುಗಳೇ, ಸುಮ್ನಿರಿ. ನಾನು ಗಾಳ ಬಿಡಿಸ್ಬಿಡ್ತೀನಿ. ಬಾಯಿಗೇ ಸಿಕ್ಕಿತ್ತು ಅಂತ ನಾನೇ ಹೇಳ್ತೀನಿ, ನನ್ನ ಮಾತನ್ನ ಇಲ್ಲಿ ಯಾರೂ ಅನುಮಾನಿಸಲ್ಲ. ನೀವು ಪ್ರತಿ ವರ್ಷ ಬರಿಗೈಲಿ ಹೋಗೋದು ನನ್ ಕೈಲಿ ನೋಡಕ್ಕಾಗಲ್ಲ."

ನಿಯಮದ ಮಾತೇ ಆಗಿದ್ದರೆ ಜಯಪ್ರಕಾಶ ಆ ಮೀನನ್ನು ಬಿಡುತ್ತಿರಲಿಲ್ಲ. ಇದನ್ನು ಮುಚ್ಚಿಡುವುದು ಬೇಡ. ಒಬ್ಬನೇ ಇದ್ದಿದ್ದರೆ ಕಣ್ಣುಮುಚ್ಚಿ ಐಸ್ ಪೆಟ್ಟಿಗೆಗೆ ಹಾಕಿಕೊಂಡು ಬರುತ್ತಿದ್ದ. ಅವನಿಗೆ ತಾಗಿದ್ದು ಆ ಕರುಣೆ. ಊರಿಗೆಲ್ಲ ನೀತಿ ಹೇಳುವವನು ತನಗಾಗಿ ಸುಳ್ಳು ಹೇಳಲು ಹೊರಟನಲ್ಲ, ತಾನು ಅಷ್ಟು ಬಡಪಾಯಿಯಾಗಿ ಕಂಡೆನೇ! ಈ ಮೀನನ್ನು ತಿಂದರೆ ಪ್ರತಿ ಯುಗಾದಿ ಊಟದಲ್ಲೂ, ಪ್ರತಿ ದೀಪಾವಳಿಯಲ್ಲೂ ಈ ಭಟ್ಟನ ಮುಖ ನೋಡಬೇಕು. ಮೀನು ಹಿಡಿಯುವುದರಲ್ಲೂ ಇವನೇ ಮೇಲು, ಬಿಡುವುದರಲ್ಲೂ ಇವನೇ, ಇನ್ನು ಕೊಡುವುದರಲ್ಲೂ ಇವನೇ ಆಗಬೇಕೇ? ಸಾಯಲಿ.

"ನಿಮ್ ಸುಳ್ಳಿನ್ ಮೀನ್ ನಂಗ್ ಬ್ಯಾಡ ಭಟ್ರೆ" ಎಂದ.

ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿದ. ಮೀನನ್ನು ಹರಿವಿಗೆ ಮುಖಮಾಡಿ ಹಿಡಿದ. ಅದರ ಮೈ ಅಂಗೈಯಲ್ಲಿ ತಣ್ಣಗೆ ಮಿಡಿಯುತ್ತಿತ್ತು. ಬಿಡುವ ಕ್ಷಣದಲ್ಲಿ ಬೆರಳುಗಳು ಒಂದಿಷ್ಟು ಹೊತ್ತು ಕೇಳಲಿಲ್ಲ. ಆಮೇಲೆ ಕೇಳಿದವು.

"ವಾಟ್ ಹ್ಯಾಪನ್ಡ್?" ಎಂದು ಗ್ಲೆನ್ ಕೂಗಿದ. "ಫೌಲ್ ಹುಕ್ಡ್" ಎಂದ ಜಯಪ್ರಕಾಶ. ಮುದುಕ ಕಲ್ಲುಗಳ ಮೇಲೆ ಹುಷಾರಾಗಿ ಹೆಜ್ಜೆಯಿಡುತ್ತ ಬಂದು ಕೈ ಕುಲುಕಿದ. "ಗುಡ್ ಮ್ಯಾನ್. ವಾಟ್ಸ್ ಯುವರ್ ನೇಮ್?" ಜಯಪ್ರಕಾಶ ಪೂರ್ತಿ ಹೆಸರು ಹೇಳಿದ. ಮುದುಕನ ನಾಲಿಗೆಗೆ ಅದು ಹೊರಳಲಿಲ್ಲ, ಆದರೂ ಇವನು ಜೆಪಿ ಎಂದು ಚಿಕ್ಕದು ಮಾಡಿಕೊಡಲಿಲ್ಲ.

ಆ ಉಬ್ಬು ನಾನೂರ ಒಂದನೆಯ ಹೆದ್ದಾರಿ ಹತ್ತುವವರೆಗೆ ಇತ್ತು. ಬ್ರ್ಯಾಂಪ್ಟನ್ ಹತ್ತಿರವಾದಂತೆ ಇಳಿಯಿತು. ಹಿಂದಿನ ಸೀಟಿನಲ್ಲಿ ಐಸು ತುಂಬಿದ ಪೆಟ್ಟಿಗೆ ತಿರುವುಗಳಲ್ಲೆಲ್ಲ ಗಲಗಲ ಎನ್ನುತ್ತಿತ್ತು.

ಬಾಗಿಲು ತೆರೆದಾಗಲೇ ತೆಂಗಿನಕಾಯಿ, ಕೊತ್ತಂಬರಿ, ಕೆಂಪುಮೆಣಸು ಹುರಿದು ಅರೆದ ವಾಸನೆ. ಈ ಸಲ ಸಿಕ್ಕೇ ಸಿಕ್ಕುತ್ತದೆ ಎಂದು ಅವನೇ ಹೇಳಿ ಹೋಗಿದ್ದ.

"ಹ್ವಾಯ್, ಇವತ್ತೂ ಇಲ್ಯಾ?" ಎಂದಳು ತೃಪ್ತಿ, ಪೆಟ್ಟಿಗೆ ತೆರೆದು.

"ಸಿಕ್ಕಿತ್ತ್. ಬಿಟ್ಟೆ."

ಮಗಳು ಅಕ್ಷರಾ ಫೋನಿನಿಂದ ತಲೆಯೆತ್ತಿ, "ದಟ್ಸ್ ವಾಟ್ ಎವ್ರಿಬಡಿ ಸೇಸ್, ಅಪ್ಪಾ" ಎಂದಳು. ತಾಯಿ ಮಗಳು ಸೇರಿ ನಕ್ಕರು. ನಗುವುದು ತಪ್ಪೆನ್ನುವಂತಿರಲಿಲ್ಲ. ತೋಡಿನಿಂದ ಬರಿಗೈಯಲ್ಲಿ ಬಂದವರೆಲ್ಲ ಹೇಳುವ ಮಾತು ಅದೇ. ಬೆನ್ನಿಗೆ ಸಿಕ್ಕಿತ್ತು, ಅದಕ್ಕೇ ಬಿಟ್ಟೆ ಎನ್ನೋಣವೆಂದರೆ, ಮೀನುಗಾರನ ಮಗ ಬೆನ್ನಿಗೆ ಗಾಳ ಹಾಕಿದ ಎಂದು ಇನ್ನೂ ನಗುತ್ತಾರೆ. ಜಯಪ್ರಕಾಶನ ಕಿವಿ ಕೆಂಪಾಯಿತು.

"ಸುಳ್ಳಾರೆ ಭಟ್ರ್ ಹತ್ರ ಕೇಣ್" ಎಂದುಬಿಟ್ಟ. ಇಡೀ ಕೆನಡಾದಲ್ಲಿ ಅವನಿಗಿದ್ದ ಸಾಕ್ಷಿ ಅದೊಂದೇ.

ತೃಪ್ತಿ ತಮಾಷೆಗೆಂದೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. "ಉಮಾಶಂಕ್ರಣ್ಣ, ಇವ್ರಿಗೆ ಮೀನ್ ಸಿಕ್ಕಿದ್ದ್ ಹೌದಾ?"

ಆ ಕಡೆಯಿಂದ ಉಮಾಶಂಕರನ ಸ್ವರ ಬಂತು, ಬೆಚ್ಚಗೆ, ಅಂತಃಕರಣದಿಂದ. "ಏನ್ ಕೇಳ್ತೀರಾ ತೃಪ್ತಿ! ಅಂಥ ಮೀನು ಇವತ್ತು ಯಾರಿಗೂ ಸಿಕ್ಕಿಲ್ಲ. ಗಾಳ ಸರಿಯಾಗಿ ಬಾಯಿಗೇ ಕೂತಿತ್ತು. ಹೊಟ್ಟೆ ತುಂಬ ಮೊಟ್ಟೆ ಇರೋ ಹೆಣ್ಣುಮೀನು ಅಂತ ಗುರುಗಳು ಬಿಟ್ಬಿಟ್ರು. ನಾನಾದ್ರೆ ತಿನ್ನದವನು, ಬಿಡ್ತೀನಿ. ಅವರು ಬಿಟ್ರಲ್ಲ, ಅದು ದೊಡ್ಡದು."

ತೃಪ್ತಿಯ ನಗು ನಿಂತಿತು. "ನಮ್ಮ್ ಅಪ್ಪಯ್ಯನೂ ಹಾಂಗೇ, ಮೊಟ್ಟಿ ಮೀನ್ ಬಿಡ್ತಿದ್ರ್" ಎಂದಳು, ಗಂಡನನ್ನು ಹೊಸದಾಗಿ ನೋಡುತ್ತ.

ಅಲ್ಲ, ಬಾಯಿಗಲ್ಲ, ಬೆನ್ನಿಗೆ ಎಂದು ಹೇಳಲು ಜಯಪ್ರಕಾಶ ಬಾಯಿ ತೆರೆದ. ಯಾವ ಸುಳ್ಳು ಬೇಡವೆಂದು ಅಂಥ ಮೀನನ್ನು ಬಿಟ್ಟು ಬಂದನೋ ಅದೇ ಸುಳ್ಳು ಸ್ಟೌಫ್‌ವಿಲ್‌ನಿಂದ ಅವನ ಬೆನ್ನಹಿಂದೆಯೇ ಮನೆ ಸೇರಿತ್ತು. ಅಷ್ಟರಲ್ಲಿ ಅಕ್ಷರಾ ಫೋನು ಕೆಳಗಿಟ್ಟು, "ವಾವ್, ಅಪ್ಪಾ" ಎಂದಳು.

ತೆರೆದ ಬಾಯಿಯನ್ನು ಮುಚ್ಚಿದ. ತೃಪ್ತಿ ಅರೆದ ಮಸಾಲೆಗೆ ಬದನೆಕಾಯಿ ಹಾಕಿ ಕುದಿಸಿ, ಅನ್ನದ ಮೇಲೆ ಎರಡು ಸೌಟು ಹೆಚ್ಚೇ ಬಡಿಸಿದಳು. ಜಯಪ್ರಕಾಶ ತಲೆಯೆತ್ತದೆ ಉಂಡ. ಈ ಸಲ ಗಾಳ ಬಾಯಿಗೇ ಸಿಕ್ಕಿತ್ತು.